ಅರ್ಧ ಬಂದ ಔಟ್‌ಪುಟ್, ಸಿಗದ ಪ್ಯಾಟರ್ನ್: ರೂಟರ್ ಸ್ಕ್ರಿಪ್ಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ರೂಟರ್‌ಗೆ ಲಾಗಿನ್ ಆಗಿ, ಶೋ ಕಮಾಂಡ್ ಕೊಟ್ಟು, ಬಂದ ಸಾಲುಗಳಲ್ಲಿ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ಸ್ಕ್ರಿಪ್ಟ್‌ಗಳ ಬಗ್ಗೆ ಈ ಸಲ ಮೈಸೂರು, ಮಂಡ್ಯ ಕಡೆಯಿಂದಲೇ ಪತ್ರ ಜಾಸ್ತಿ. ಎಲ್ಲರ ದೂರೂ ಹೆಚ್ಚೂಕಡಿಮೆ ಒಂದೇ: "ರೆಜೆಕ್ಸ್ ಸರಿಯಾಗೇ ಇದೆ, ಆದರೂ ಸಿಗ್ತಿಲ್ಲ." (ರೆಜೆಕ್ಸ್ ಅಂದರೆ ಬೇಕಾದ ಪಠ್ಯ ಹೇಗಿರುತ್ತೆ ಅಂತ ಚಿಹ್ನೆಗಳಲ್ಲಿ ಹೇಳುವ ಹುಡುಕು ಪ್ಯಾಟರ್ನ್.) ನಂಬುತ್ತೇನೆ. ಬಹಳಷ್ಟು ಪತ್ರಗಳಲ್ಲಿ ರೆಜೆಕ್ಸ್ ನಿಜವಾಗಲೂ ಸರಿ ಇದೆ. ಅದಕ್ಕೆ ತಿನ್ನಿಸಿದ ಪಠ್ಯ ಸರಿಯಿಲ್ಲ, ಅಷ್ಟೇ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿಕೊಳ್ಳಿ.

ಪ್ರ: ಸರ್, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಪೈಥಾನ್, ಅದರ ಎಸ್‌ಎಸ್‌ಎಚ್ ಲೈಬ್ರರಿ ಪ್ಯಾರಾಮಿಕೋ ಇಟ್ಟುಕೊಂಡು ಸಿಸ್ಕೋ ರೂಟರ್‌ಗೆ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಕೊಡುತ್ತೇನೆ. ಮಧ್ಯೆ ನಿಂತರೆ ಸ್ಪೇಸ್ ಕಳಿಸುವ ಹಾಗೂ ಮಾಡಿದ್ದೇನೆ. ಚಿಕ್ಕ ರೂಟರ್‌ನಲ್ಲಿ ಎಲ್ಲ ಸರಿ. ದೊಡ್ಡದರಲ್ಲಿ ಮಾತ್ರ ಇಪ್ಪತ್ತು ಚಿಲ್ಲರೆ ಸಾಲಿಗೊಂದು ಇಂಟರ್‌ಫೇಸ್ ಕಾಣೆಯಾಗುತ್ತೆ. ಅದೇ ಔಟ್‌ಪುಟ್ ಪುಟಿಯಿಂದ (ರೂಟರ್‌ಗೆ ಲಾಗಿನ್ ಆಗುವ ಟರ್ಮಿನಲ್ ಪ್ರೋಗ್ರಾಂ) ಕಾಪಿ ಮಾಡಿ ರೆಜೆಕ್ಸ್ ಪರೀಕ್ಷಿಸುವ ಸೈಟ್‌ಗೆ ಹಾಕಿದರೆ ಎಲ್ಲ ಸಾಲೂ ಸಿಗುತ್ತೆ! ಏನಿದು?

ಉ: ಕಾಣೆಯಾಗುವುದು ಇಷ್ಟು ಲೆಕ್ಕವಾಗಿ ಕಾಣೆಯಾದರೆ ಅದೇ ಸುಳಿವು. ಸಿಸ್ಕೋ ರೂಟರ್‌ನ ಸಾಫ್ಟ್‌ವೇರ್ ಐಒಎಸ್‌ನಲ್ಲಿ ಟರ್ಮಿನಲ್ಲಿನ ಉದ್ದ ಮಾಮೂಲಾಗಿ 24 ಸಾಲು. ಪರದೆ ತುಂಬಿದ ಕೂಡಲೇ ರೂಟರ್ '--ಮೋರ್--' ಅಂತ ಬರೆದು ನಿಲ್ಲುತ್ತದೆ. ನೀವು ಸ್ಪೇಸ್ ಕಳಿಸಿದಿರಿ, ಅದು ಮುಂದಿನ ಪುಟ ಕೊಟ್ಟಿತು. ಆದರೆ ಕೊಡುವ ಮೊದಲು ಆ '--ಮೋರ್--' ಅನ್ನೋದನ್ನು ಪರದೆ ಮೇಲಿಂದ ಒರೆಸಬೇಕಲ್ಲ, ಅದಕ್ಕೆ ಒಂದಷ್ಟು ಬ್ಯಾಕ್‌ಸ್ಪೇಸ್, ಅದರ ಮೇಲೆ ಒಂದಷ್ಟು ಖಾಲಿ ಜಾಗ, ಮತ್ತೆ ಒಂದಷ್ಟು ಬ್ಯಾಕ್‌ಸ್ಪೇಸ್ ಕಳಿಸುತ್ತದೆ. ಪುಟಿ ಇವನ್ನೆಲ್ಲ ಪಾಲಿಸಿ ನಿಮಗೆ ಸ್ವಚ್ಛವಾದ ಸಾಲು ತೋರಿಸುತ್ತದೆ. ನಿಮ್ಮ ಸ್ಕ್ರಿಪ್ಟ್‌ಗೆ ಮಾತ್ರ ಈ ಕಸವೆಲ್ಲ ಅಕ್ಷರಗಳಾಗಿಯೇ ಬಂದು ಬೀಳುತ್ತದೆ, ಅದೂ ಮುಂದಿನ ಸಾಲಿನ ತಲೆಗೆ ಅಂಟಿಕೊಂಡು. ನಿಮ್ಮ ಪ್ಯಾಟರ್ನ್ ^ ಚಿಹ್ನೆಯಿಂದ ಶುರುವಾಗುತ್ತದೆ, ಅಂದರೆ ಸಾಲಿನ ಮೊದಲಲ್ಲೇ ಇಂಟರ್‌ಫೇಸ್ ಹೆಸರು ಇರಬೇಕು. ಇಲ್ಲಿ ಮೊದಲಲ್ಲಿ ಇರುವುದು ಕಸ. ಆ ಸಾಲು ಬಿಟ್ಟುಹೋಯಿತು.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಸುಮ್ನೆ ಪ್ರಿಂಟ್ ಮಾಡಬೇಡಿ. ಪ್ರಿಂಟ್ ಮಾಡಿದರೆ ನಿಮ್ಮ ಟರ್ಮಿನಲ್ಲೂ ಪುಟಿಯ ಹಾಗೇ ಎಲ್ಲ ಒರೆಸಿ ತೋರಿಸುತ್ತದೆ. ಪೈಥಾನ್‌ನಲ್ಲಿ 'ರೆಪ್ರ್' ಫಂಕ್ಷನ್ ಒಳಗೆ ಹಾಕಿ ಪ್ರಿಂಟ್ ಮಾಡಿ. ಆಗ ಪ್ರತಿ ಬ್ಯಾಕ್‌ಸ್ಪೇಸೂ ಬ್ಯಾಕ್‌ಸ್ಲ್ಯಾಶ್ ಎಕ್ಸ್ 08 ಅಂತ ಸಾಲುಗಟ್ಟಿ ನಿಂತಿರುತ್ತದೆ. ಫೈಲಿಗೆ ಉಳಿಸಿದ್ದರೆ ಲಿನಕ್ಸ್‌ನಲ್ಲಿ 'ಕ್ಯಾಟ್' ಕಮಾಂಡಿಗೆ ದೊಡ್ಡ 'ಎ' ಆಯ್ಕೆ ಕೊಟ್ಟು ನೋಡಿ, ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಆ ಸೈಟ್‌ಗೆ ಪುಟಿಯಿಂದ ಕಾಪಿ ಮಾಡಿದ್ದನ್ನು ಹಾಕಿ ಪರೀಕ್ಷೆ ಮಾಡಿದ್ದೂ ಇದೇ ಕಾರಣಕ್ಕೆ ದಂಡ. ನೀವು ಪರೀಕ್ಷೆ ಮಾಡಿದ ಪಠ್ಯವೇ ಬೇರೆ, ಸ್ಕ್ರಿಪ್ಟ್ ಓದಿದ ಪಠ್ಯವೇ ಬೇರೆ.

ಪರಿಹಾರ ಒಂದೇ ಸಾಲು. ಲಾಗಿನ್ ಆದ ಕೂಡಲೇ 'ಟರ್ಮಿನಲ್ ಲೆಂತ್ 0' ಕಳಿಸಿ. ಇದು ಆ ಸೆಷನ್‌ಗೆ ಮಾತ್ರ ಅನ್ವಯ, ರೂಟರ್ ಕಾನ್ಫಿಗ್ ಏನೂ ಬದಲಾಗಲ್ಲ, ಆದ್ದರಿಂದ ಮ್ಯಾನೇಜರ್ ಅನುಮತಿಗೆ ಕಾಯಬೇಕಿಲ್ಲ. ಸಿಸ್ಕೋ ಎಎಸ್‌ಎ ಫೈರ್‌ವಾಲ್‌ನಲ್ಲಿ ಅದು 'ಟರ್ಮಿನಲ್ ಪೇಜರ್ 0', ಜುನಿಪರ್‌ನ ಜುನೋಸ್‌ನಲ್ಲಿ 'ಸೆಟ್ ಸಿಎಲ್‌ಐ ಸ್ಕ್ರೀನ್-ಲೆಂತ್ 0', ಹುವಾವೇಯಲ್ಲಿ 'ಸ್ಕ್ರೀನ್-ಲೆಂತ್ 0 ಟೆಂಪರರಿ'. ಸ್ಪೇಸ್ ಕಳಿಸುವ ನಿಮ್ಮ ಕೋಡ್ ತೆಗೆದುಹಾಕಿ. ಈಗಾಗಲೇ ಉಳಿಸಿಟ್ಟ ಹಳೇ ಫೈಲುಗಳಿದ್ದರೆ ಲಿನಕ್ಸ್‌ನ 'ಕಾಲ್' ಕಮಾಂಡಿಗೆ ಸಣ್ಣ 'ಬಿ' ಆಯ್ಕೆ ಕೊಟ್ಟು ಒಮ್ಮೆ ಸೋಸಿ, ಬ್ಯಾಕ್‌ಸ್ಪೇಸ್ ಕಸ ಹೋಗುತ್ತದೆ.

ಪ್ರ: ನಮ್ಮದು ಮದ್ದೂರು ಸರ್. 'ಶೋ ರನ್' (ರೂಟರ್‌ನ ಪೂರ್ತಿ ಕಾನ್ಫಿಗ್ ತೋರಿಸುವ ಕಮಾಂಡ್) ಕೊಟ್ಟು ಒಂದು ಸೆಕೆಂಡ್ ಸ್ಲೀಪ್ ಮಾಡಿ ರಿಸೀವ್ ಮಾಡ್ತೀನಿ. ಒಮ್ಮೊಮ್ಮೆ ಪೂರ್ತಿ ಬರುತ್ತೆ, ಒಮ್ಮೊಮ್ಮೆ ಅರ್ಧ. ಸ್ಲೀಪ್ ಐದು ಸೆಕೆಂಡ್ ಮಾಡಿದೆ, ಸ್ವಲ್ಪ ಪರವಾಗಿಲ್ಲ. ಆಮೇಲೆ ಯಾರೋ ಹೇಳಿದರು ಅಂತ # ಬರುವ ತನಕ ಓದು ಅಂತ ಬರೆದೆ. ಈಗ ಬೇಗ ಮುಗಿಯುತ್ತೆ, ಆದರೆ ಒಂದು ರೂಟರ್‌ದು ಮಾತ್ರ ಯಾವಾಗಲೂ ಒಂದೇ ಜಾಗದಲ್ಲಿ ತುಂಡಾಗುತ್ತೆ.

ಉ: ಮಂಡ್ಯ ಜಿಲ್ಲೆಯವರಿಗೆ ಇದನ್ನು ಹೇಳೋದು ಸುಲಭ. ನಾಲೆಯ ತೂಬು ತೆಗೆದ ತಕ್ಷಣ ಕೊನೇ ಗದ್ದೆಗೆ ನೀರು ಬರುತ್ತದಾ? ರಿಸೀವ್ ಅನ್ನುವುದು ಆ ಹೊತ್ತಿಗೆ ಎಷ್ಟು ಬಂದಿದೆಯೋ ಅಷ್ಟನ್ನು ಕೊಡುತ್ತದೆ, ಪೂರ್ತಿ ಬಂತಾ ಅಂತ ಅದಕ್ಕೆ ಗೊತ್ತಿಲ್ಲ. 'ಶೋ ರನ್' ಕೊಟ್ಟಾಗಂತೂ ರೂಟರ್ ಮೊದಲು 'ಬಿಲ್ಡಿಂಗ್ ಕಾನ್ಫಿಗರೇಶನ್' ಅಂತ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಸ್ಲೀಪ್ ಎಷ್ಟಿಟ್ಟರೂ ಅದು ಅಂದಾಜೇ. ಬೇಗ ಕೊಡುವ ರೂಟರ್‌ಗೆ ಅದು ಜಾಸ್ತಿ, ನಿಧಾನದ ಲಿಂಕಿಗೆ ಕಡಿಮೆ.

ಪ್ರಾಂಪ್ಟ್ (ಮುಂದಿನ ಕಮಾಂಡಿಗೆ ಸಿದ್ಧ ಅಂತ ರೂಟರ್ ತೋರಿಸುವ ಗುರುತು) ಬರುವ ತನಕ ಓದಬೇಕು ಅನ್ನುವುದು ಸರಿಯಾದ ದಾರಿಯೇ. ಆದರೆ ಬರೀ # ಪ್ರಾಂಪ್ಟ್ ಅಲ್ಲ. ನೀವು ಕಳಿಸಿದ ಫೈಲ್ ನೋಡಿದೆ, ಅದು ತುಂಡಾಗಿರುವ ಜಾಗದಲ್ಲಿ ಕೊನೇ ಸಾಲು 'ಡಿಸ್ಕ್ರಿಪ್ಶನ್ ಮಂಡ್ಯ ಬ್ರಾಂಚ್ ಲಿಂಕ್ #'. ಮುಂದೆ ಬಹುಶಃ 2 ಅಂತ ಇತ್ತು. ಯಾರೋ ಪುಣ್ಯಾತ್ಮರು ಲಿಂಕಿಗೆ ನಂಬರ್ ಹಾಕಿ ಇಟ್ಟಿದ್ದಾರೆ, ನಿಮ್ಮ ಸ್ಕ್ರಿಪ್ಟ್ ಆ # ನೋಡಿ ಕೆಲಸ ಮುಗಿಯಿತು ಅಂದುಕೊಂಡಿದೆ. ಬ್ಯಾನರ್‌ನಲ್ಲಿ ಅಂದಕ್ಕೆ ಅಂತ # ಸಾಲು ಹಾಕುವವರೂ ಇದ್ದಾರೆ, ಅಲ್ಲೂ ಇದೇ ಗತಿ.

ಹೀಗೆ ಮಾಡಿ. ಲಾಗಿನ್ ಆದ ಮೇಲೆ ಒಂದು ಖಾಲಿ ಎಂಟರ್ ಕಳಿಸಿ, ರೂಟರ್ ವಾಪಸ್ ಕೊಟ್ಟ ಕೊನೇ ಸಾಲನ್ನು ಪ್ರಾಂಪ್ಟ್ ಅಂತ ಇಟ್ಟುಕೊಳ್ಳಿ. ಹೋಸ್ಟ್‌ನೇಮ್ (ರೂಟರ್‌ನ ಹೆಸರು), ಅದರ ಕೊನೆಗೆ #. ಬಂದದ್ದನ್ನೆಲ್ಲ ಒಂದು ಬಫರ್‌ಗೆ ಸೇರಿಸುತ್ತಾ ಹೋಗಿ, ಬಫರ್‌ನ ತೀರಾ ಕೊನೆಯಲ್ಲಿ, ಹೊಸ ಸಾಲಿನ ಶುರುವಿನಲ್ಲಿ ಈ ಪ್ರಾಂಪ್ಟ್ ಇದೆಯಾ ಅಂತ ನೋಡಿ. ಕೊನೇ ಕಂತಿನಲ್ಲಿ ಮಾತ್ರ ಹುಡುಕಬೇಡಿ, ಏಕೆಂದರೆ ಪ್ರಾಂಪ್ಟೇ ಎರಡು ತುಂಡಾಗಿ, ಅರ್ಧ ಒಂದು ಕಂತಿನಲ್ಲಿ ಇನ್ನರ್ಧ ಇನ್ನೊಂದರಲ್ಲಿ ಬರಬಹುದು. ಜೊತೆಗೆ ಒಂದು ಗರಿಷ್ಠ ಸಮಯವೂ ಇರಲಿ, ಇಲ್ಲದಿದ್ದರೆ ರೂಟರ್ ಸತ್ತ ದಿನ ಸ್ಕ್ರಿಪ್ಟ್ ಬೆಳಗಿನ ತನಕ ಕಾಯುತ್ತಾ ಕೂತಿರುತ್ತದೆ. ಇಷ್ಟೆಲ್ಲ ಬರೆಯಲು ಬೇಜಾರಾದರೆ ನೆಟ್‌ಮಿಕೋ ಅನ್ನೋ ಪೈಥಾನ್ ಲೈಬ್ರರಿ ಬಳಸಿ. ಪೇಜಿಂಗ್ ನಿಲ್ಲಿಸುವುದು, ಪ್ರಾಂಪ್ಟ್ ಹುಡುಕುವುದು, ಕಮಾಂಡಿನ ಪ್ರತಿಧ್ವನಿ ತೆಗೆಯುವುದು ಎಲ್ಲ ಅದೇ ಮಾಡುತ್ತದೆ. ಅದರ 4ನೇ ಆವೃತ್ತಿಯಲ್ಲಿ 'ರೀಡ್ ಟೈಮ್‌ಔಟ್' ಮಾಮೂಲಾಗಿ 10 ಸೆಕೆಂಡ್, 'ಶೋ ಟೆಕ್' ತರಹದ ಉದ್ದ ಕಮಾಂಡಿಗೆ ಹೆಚ್ಚಿಸಿಕೊಳ್ಳಿ.

ಪ್ರ: ಕುವೆಂಪುನಗರದಿಂದ. 'ಶೋ ಐಪಿ ಇಂಟರ್‌ಫೇಸ್ ಬ್ರೀಫ್'ನ ಪ್ರೋಟೋಕಾಲ್ ಕಾಲಮ್ ತೆಗೆದು ಅದು 'ಅಪ್' ಗೆ ಸಮವಾ ಅಂತ ಕೇಳಿದರೆ ಇಲ್ಲ ಅನ್ನುತ್ತೆ. ಪ್ರಿಂಟ್ ಮಾಡಿದರೆ 'ಅಪ್' ಅಂತಲೇ ಕಾಣುತ್ತೆ! ತಲೆ ಕೆಟ್ಟಿದೆ.

ಉ: ಒಂದು ಕೆಲಸ ಮಾಡಿ. ಆ ಸಾಲನ್ನು ಪ್ರಿಂಟ್ ಮಾಡುವಾಗ ಕೊನೆಗೆ ನಾಲ್ಕು ನಕ್ಷತ್ರ ಸೇರಿಸಿ. ನಕ್ಷತ್ರಗಳು ಸಾಲಿನ ಕೊನೆಗೆ ಬರದೆ ಮೊದಲಿಗೇ ಹೋಗಿ ಇಂಟರ್‌ಫೇಸ್ ಹೆಸರಿನ ಮೇಲೆ ಕೂತವಾ? ಹಾಗಾದರೆ ಕಳ್ಳ ಸಿಕ್ಕಿದ. ರೂಟರ್ ಸಾಲು ಮುಗಿಸುವುದು ಎರಡು ಅಕ್ಷರಗಳಿಂದ: ಕ್ಯಾರೇಜ್ ರಿಟರ್ನ್, ಲೈನ್ ಫೀಡ್. 1983ರ ಟೆಲ್ನೆಟ್ ನಿಯಮದ ಕಾಲದಿಂದ ಬಂದ ಅಭ್ಯಾಸ ಇದು. ನೀವು ಬರೀ ಲೈನ್ ಫೀಡ್ ನೋಡಿ ಸಾಲು ಒಡೆದಿದ್ದೀರಿ, ಹಾಗಾಗಿ ಕ್ಯಾರೇಜ್ ರಿಟರ್ನ್ 'ಅಪ್' ಬಾಲಕ್ಕೆ ಅಂಟಿಕೊಂಡೇ ಉಳಿದಿದೆ. ಪೈಥಾನ್ ರೆಜೆಕ್ಸ್‌ನಲ್ಲಿ ಮಲ್ಟಿಲೈನ್ ಹಾಕಿದರೂ $ ಚಿಹ್ನೆ ಲೈನ್ ಫೀಡ್ ಒಂದನ್ನೇ ಸಾಲಿನ ಕೊನೆ ಅಂತ ಒಪ್ಪುತ್ತದೆ, ಅಲ್ಲೂ ಇದೇ ತೊಂದರೆ. ಲಿನಕ್ಸ್‌ನ ಆಕ್ ಕಮಾಂಡ್ ಬಳಸಿ ಕೊನೇ ಕಾಲಮ್ ತೆಗೆಯುವವರಿಗೂ ಇದೇ. 'ಸ್ಪ್ಲಿಟ್‌ಲೈನ್ಸ್' ಬಳಸಿ ಸಾಲು ಒಡೆಯಿರಿ, ಅಥವಾ ಪಠ್ಯ ಬಂದ ಕೂಡಲೇ ಕ್ಯಾರೇಜ್ ರಿಟರ್ನ್ ಎಲ್ಲ ಕಿತ್ತು ಹಾಕಿ. ಪ್ರತಿ ಹೋಲಿಕೆಯ ಜಾಗದಲ್ಲೂ ಸ್ಟ್ರಿಪ್ ಸ್ಟ್ರಿಪ್ ಅಂತ ಬರೆದುಕೊಂಡು ಕೂರಬೇಡಿ.

ಪ್ರ: ಮಂಡ್ಯದಿಂದ ಒಬ್ಬ ಓದುಗ. 'ಶೋ ಐಪಿ ಇಂಟರ್‌ಫೇಸ್ ಬ್ರೀಫ್'ನ ಸಾಲನ್ನು ಸ್ಪೇಸ್ ಮೇಲೆ ಒಡೆದು ಐದನೆಯದು ಸ್ಟೇಟಸ್, ಆರನೆಯದು ಪ್ರೋಟೋಕಾಲ್ ಅಂತ ತಗೋತೀನಿ. ಶಟ್‌ಡೌನ್ ಮಾಡಿದ ಪೋರ್ಟ್‌ಗಳಲ್ಲಿ ಮಾತ್ರ ತಪ್ಪು ಬರುತ್ತೆ ಸರ್.

ಉ: ಶಟ್‌ಡೌನ್ ಆದ ಪೋರ್ಟಿನ ಸ್ಟೇಟಸ್ 'ಅಡ್ಮಿನಿಸ್ಟ್ರೇಟಿವ್ಲಿ ಡೌನ್'. ಎರಡು ಪದ. ಹಾಗಾಗಿ ಆರು ತುಂಡಿನ ಬದಲು ಏಳು ಬರುತ್ತವೆ, ಎಲ್ಲ ಒಂದು ಮನೆ ಮುಂದೆ ಜರುಗುತ್ತದೆ. ಮೊದಲ ನಾಲ್ಕನ್ನು ಎಡದಿಂದ ಒಡೆಯಿರಿ, ಸ್ಪ್ಲಿಟ್‌ಗೆ ಮಿತಿ 4 ಕೊಟ್ಟರಾಯಿತು. ಉಳಿದ ಬಾಲವನ್ನು ಬಲದಿಂದ ಒಂದೇ ಸಲ ಒಡೆಯಿರಿ. ಬಲಗಡೆದು ಪ್ರೋಟೋಕಾಲ್, ಎಡಗಡೆ ಉಳಿದಿದ್ದು ಸ್ಟೇಟಸ್, ಅದರಲ್ಲಿ ಎಷ್ಟು ಪದ ಇದ್ದರೂ ಸರಿಯೇ.

ಸ್ವಿಚ್‌ಗಳ 'ಶೋ ಇಂಟರ್‌ಫೇಸಸ್ ಸ್ಟೇಟಸ್'ಗೆ ಈ ಉಪಾಯ ನಡೆಯಲ್ಲ. ಅಲ್ಲಿ ಹೆಸರಿನ ಕಾಲಮ್ ಮಧ್ಯದಲ್ಲಿದೆ, ಅದು ಖಾಲಿಯೂ ಇರಬಹುದು, ನಾಲ್ಕು ಪದವೂ ಇರಬಹುದು. ತಲೆಬರಹದ ಸಾಲಿನಲ್ಲಿ ಪ್ರತಿ ಕಾಲಮ್ ಎಷ್ಟನೇ ಅಕ್ಷರದಿಂದ ಶುರುವಾಗುತ್ತದೆ ಅಂತ ಕಂಡುಹಿಡಿದು, ಕೆಳಗಿನ ಸಾಲುಗಳನ್ನು ಅದೇ ಅಳತೆಯಲ್ಲಿ ಕತ್ತರಿಸಿ. ಇನ್ನು 'ಶೋ ಸಿಡಿಪಿ ನೇಬರ್ಸ್' ಅಂತೂ ನನಗೆ ಆಗಲ್ಲ. ಪಕ್ಕದ ಸಾಧನದ ಹೆಸರು ಉದ್ದ ಇದ್ದರೆ ಉಳಿದ ಕಾಲಮ್‌ಗಳನ್ನು ಕೆಳಗಿನ ಸಾಲಿಗೆ ತಳ್ಳಿಬಿಡುತ್ತದೆ. ಆ ಕಮಾಂಡಿನ ಕೊನೆಗೆ 'ಡೀಟೇಲ್' ಸೇರಿಸಿ, ಔಟ್‌ಪುಟ್ ಉದ್ದವಾದರೂ ಒಂದೊಂದು ಮಾಹಿತಿಯೂ ತನ್ನ ಹೆಸರಿನ ಜೊತೆ ಬರುತ್ತದೆ.

ಪ್ರ: ನಾನು ಸರಸ್ವತಿಪುರಂನಲ್ಲಿದ್ದೀನಿ, ಇಂಜಿನಿಯರಿಂಗ್ ಕೊನೇ ವರ್ಷ. 192.0.2.1 ಹುಡುಕಿದರೆ 192.0.2.10, 192.0.2.11 ಎಲ್ಲ ಸಿಗುತ್ತೆ. ಪದದ ಗಡಿ ಅಂತ ಬ್ಯಾಕ್‌ಸ್ಲ್ಯಾಶ್ ಬಿ ಹಾಕಿದೆ. ಈಗ ಏನೂ ಸಿಗಲ್ಲ.

ಉ: ನಿಮ್ಮ ಪ್ಯಾಟರ್ನ್ ಇರುವ ಉದ್ಧರಣ ಚಿಹ್ನೆಗೆ ಮೊದಲು 'ಆರ್' ಇಲ್ಲ. ಪೈಥಾನ್‌ನ ಸಾದಾ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬಿ ಅಂದರೆ ಗಡಿಯಲ್ಲ, ಬ್ಯಾಕ್‌ಸ್ಪೇಸ್ ಅಕ್ಷರ. ಮೊದಲ ಪತ್ರದವರ ಕಸ ಇದೆಯಲ್ಲ, ನೀವು ಅದನ್ನೇ ಹುಡುಕುತ್ತಿದ್ದೀರಿ! ಆ 'ಆರ್' ಹಾಕಿ ರಾ ಸ್ಟ್ರಿಂಗ್ ಮಾಡಿ. ಪ್ರತಿ ಚುಕ್ಕಿಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಚುಕ್ಕಿ ಯಾವ ಅಕ್ಷರಕ್ಕಾದರೂ ಹೊಂದಿಕೊಳ್ಳುತ್ತದೆ. ಐಪಿಗೆ ಇಷ್ಟು ಸಾಕು. ಇಂಟರ್‌ಫೇಸ್ ಹೆಸರಿಗೆ ಸಾಲದು. ಗಿಗಾಬಿಟ್ 0/1 ಹುಡುಕುವಾಗ ಪದದ ಗಡಿ 0/10 ಅನ್ನು ತಡೆಯುತ್ತದೆ, ಆದರೆ 0/1.100 ಅನ್ನೋ ಸಬ್‌ಇಂಟರ್‌ಫೇಸನ್ನು ಒಳಗೆ ಬಿಡುತ್ತದೆ, ಏಕೆಂದರೆ ಚುಕ್ಕಿಯೂ ಅದಕ್ಕೆ ಗಡಿಯೇ. ಅಂಥ ಕಡೆ ರೆಜೆಕ್ಸ್ ಬಿಡಿ. ಮೊದಲ ಕಾಲಮ್ ತೆಗೆದು ಪೂರ್ತಿ ಹೆಸರಿಗೆ ಸಮವಾ ಅಂತ ನೋಡಿ.

ಪ್ರ: ಕನ್ಸೋಲ್ ಕೇಬಲ್ ಹಾಕಿ ಸ್ಕ್ರಿಪ್ಟ್ ಓಡಿಸ್ತೀನಿ. ಎಷ್ಟು ಪೋರ್ಟ್ ಅಪ್ ಅಂತ ಎಣಿಸಿದರೆ ಕೆಲವು ಸಲ ಒಂದು ಜಾಸ್ತಿ ಬರುತ್ತೆ. — ಶ್ರೀರಂಗಪಟ್ಟಣ

ಉ: ಮಧ್ಯದಲ್ಲಿ ಲಾಗ್ ಸಾಲು ನುಗ್ಗಿದೆ. 'ಲೈನ್ ಪ್ರೋಟೋಕಾಲ್ ... ಚೇಂಜ್ಡ್ ಸ್ಟೇಟ್ ಟು ಅಪ್' ಅನ್ನುವ ಸಾಲಿನಲ್ಲೂ 'ಅಪ್' ಇದೆ ಅಲ್ವಾ, ಅದನ್ನೂ ಎಣಿಸಿದ್ದೀರಿ. ಕನ್ಸೋಲ್‌ಗೆ ಲಾಗ್ ತಾನಾಗೇ ಬರುತ್ತದೆ. ಎಸ್‌ಎಸ್‌ಎಚ್ ಮೂಲಕ ಹೋದರೆ 'ಟರ್ಮಿನಲ್ ಮಾನಿಟರ್' ಕೊಟ್ಟರೆ ಮಾತ್ರ ಬರುತ್ತದೆ. ಆದ್ದರಿಂದ ಆದಷ್ಟೂ ಎಸ್‌ಎಸ್‌ಎಚ್ ಬಳಸಿ. 'ಲಾಗಿಂಗ್ ಸಿಂಕ್ರೋನಸ್' ಹಾಕಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ನೀವು ಟೈಪ್ ಮಾಡುತ್ತಿದ್ದ ಸಾಲು ಕೆಡದ ಹಾಗೆ ನೋಡಿಕೊಳ್ಳುತ್ತದೆ, ಲಾಗ್ ನಿಲ್ಲಿಸಲ್ಲ.

ಕನ್ಸೋಲೇ ಗತಿ ಅಂದರೆ ಲಾಗ್ ಸಾಲುಗಳನ್ನು ಸೋಸಿ ತೆಗೆಯಿರಿ, ಆದರೆ % ಇರುವ ಸಾಲನ್ನೆಲ್ಲ ಎತ್ತಿ ಎಸೆಯಬೇಡಿ. ಕಮಾಂಡ್ ತಪ್ಪಾದಾಗ ರೂಟರ್ ಕೊಡುವ 'ಇನ್‌ವ್ಯಾಲಿಡ್ ಇನ್‌ಪುಟ್' ಸಂದೇಶವೂ % ಇಂದಲೇ ಶುರುವಾಗುತ್ತದೆ, ಅದನ್ನು ನುಂಗಿಬಿಟ್ಟರೆ ಖಾಲಿ ಉತ್ತರವನ್ನೇ ಸರಿ ಅಂತ ನಂಬಿ ಕೂತಿರುತ್ತೀರಿ. ಲಾಗ್ ಸಾಲಿಗೆ ಒಂದು ಅಚ್ಚು ಇದೆ: % ಆದ ಮೇಲೆ ಒಂದು ಹೆಸರು, ಅಡ್ಡಗೆರೆ, 0ರಿಂದ 7ರೊಳಗಿನ ಒಂದು ಅಂಕಿ, ಮತ್ತೆ ಅಡ್ಡಗೆರೆ, ಇನ್ನೊಂದು ಹೆಸರು, ಕೋಲನ್. ಅದನ್ನು ಮಾತ್ರ ಹಿಡಿಯಿರಿ.

ಪ್ರ: ನಮ್ಮ ಆಫೀಸಿನಲ್ಲಿ ಸೆಕ್ಯೂರ್‌ಸಿಆರ್‌ಟಿ (ಪುಟಿಯಂಥದೇ ಟರ್ಮಿನಲ್ ಪ್ರೋಗ್ರಾಂ) ಬಿಟ್ಟು ಬೇರೆ ಏನೂ ಹಾಕುವ ಹಾಗಿಲ್ಲ. ಅದರಲ್ಲೇ ಸ್ಕ್ರಿಪ್ಟ್ ಬರೆದು 'ಸ್ಕ್ರೀನ್ ಗೆಟ್' ಇಂದ ಪಠ್ಯ ತಗೋತೀನಿ. ಉದ್ದ ಔಟ್‌ಪುಟ್ ಇದ್ದರೆ ಮೇಲಿನದು ಸಿಗಲ್ಲ. — ವಿಜಯನಗರ, ಮೈಸೂರು

ಉ: 'ಸ್ಕ್ರೀನ್ ಗೆಟ್' ಪರದೆ ಮೇಲೆ ಈಗ ಏನು ಕಾಣುತ್ತಿದೆಯೋ ಅದನ್ನು ಮಾತ್ರ ಕೊಡುತ್ತದೆ. ಮೇಲೆ ಹೋಗಿದ್ದು ಹೋಯಿತು. 'ರೀಡ್‌ಸ್ಟ್ರಿಂಗ್' ಬಳಸಿ, ಪ್ರಾಂಪ್ಟ್ ಬರುವ ತನಕ ಬಂದಿದ್ದೆಲ್ಲ ಒಂದೇ ಸ್ಟ್ರಿಂಗ್ ಆಗಿ ಸಿಗುತ್ತದೆ. ಅದಕ್ಕೂ ಮೊದಲು, ಸ್ಕ್ರಿಪ್ಟಿನ ಶುರುವಿನಲ್ಲೇ 'ಸಿಂಕ್ರೋನಸ್' ಅನ್ನು ಟ್ರೂ ಮಾಡಿ. ಇದನ್ನು ಮರೆತರೆ ನೀವು ಕಾಯಲು ಶುರು ಮಾಡುವ ಮೊದಲೇ ಬಂದ ಡೇಟಾ ಕೈತಪ್ಪಬಹುದು, ಅದೂ ಒಂದು ದಿನ ಸರಿ ಒಂದು ದಿನ ತಪ್ಪು, ಹಿಡಿಯಲು ಬಹಳ ಕಷ್ಟ. ಬಣ್ಣದ ಕೋಡುಗಳು ಮಧ್ಯೆ ಸೇರುತ್ತಿದ್ದರೆ 'ಇಗ್ನೋರ್‌ಎಸ್ಕೇಪ್' ಕೂಡ ಟ್ರೂ. ಮೈಕ್ರೋಟಿಕ್ ರೂಟರ್ ಇದ್ದವರಿಗೆ ಇನ್ನೂ ಸುಲಭದ ದಾರಿ ಇದೆ, ಲಾಗಿನ್ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಸಣ್ಣ ಅಕ್ಷರದಲ್ಲಿ ಸಿ, ಟಿ ಸೇರಿಸಿದರೆ ಬಣ್ಣಗಳನ್ನೇ ಕಳಿಸಲ್ಲ.

ಪ್ರ: ನೆಟ್‌ಮಿಕೋ ಜೊತೆ ಟೆಕ್ಸ್ಟ್‌ಎಫ್‌ಎಸ್‌ಎಂ (ಔಟ್‌ಪುಟನ್ನು ಅಚ್ಚಿನ ಪ್ರಕಾರ ಪಟ್ಟಿ ಮಾಡಿಕೊಡುವ ಲೈಬ್ರರಿ) ಹಾಕಿದ್ದೀನಿ. ಒಂದು ರೂಟರ್‌ನಲ್ಲಿ ಚೆನ್ನಾಗಿ ಪಟ್ಟಿ ಬರುತ್ತೆ, ಇನ್ನೊಂದರಲ್ಲಿ 'ಸ್ಟ್ರಿಂಗ್ ಇಂಡೆಕ್ಸ್ ಇಂಟಿಜರ್ ಆಗಿರಬೇಕು' ಅಂತ ಪೈಥಾನ್ ಬೈಯುತ್ತೆ. ನಾನು ಇಂಟಿಜರ್ ಬಳಸೇ ಇಲ್ಲ! — ಪಾಂಡವಪುರ

ಉ: ಅಚ್ಚು (ಟೆಂಪ್ಲೇಟ್) ಸಿಗದಿದ್ದರೆ ಅಥವಾ ಹೊಂದದಿದ್ದರೆ ನೆಟ್‌ಮಿಕೋ ಮಾಮೂಲಾಗಿ ಎರರ್ ಕೊಡಲ್ಲ, ಬಂದ ಪಠ್ಯವನ್ನು ಹಾಗೇ ವಾಪಸ್ ಕೊಡುತ್ತದೆ. ನೀವು ಅದು ಪಟ್ಟಿ ಅಂದುಕೊಂಡು ಲೂಪ್ ಹಾಕಿದಿರಿ, ಲೂಪ್‌ನಲ್ಲಿ ಒಂದೊಂದೇ ಅಕ್ಷರ ಬರುತ್ತಿದೆ, ಆ ಅಕ್ಷರವನ್ನು ಹಿಡಿದು ನೀವು ಇಂಟರ್‌ಫೇಸ್ ಹೆಸರು ಕೊಡು ಅಂತ ಕೇಳುತ್ತಿದ್ದೀರಿ. ಲೂಪ್‌ಗೆ ಮೊದಲು ಬಂದಿದ್ದು ಲಿಸ್ಟಾ ಅಂತ ಒಂದು ಸಲ ನೋಡಿ, ಅಲ್ಲದಿದ್ದರೆ ಆ ರೂಟರ್ ಹೆಸರು ಬರೆದಿಟ್ಟುಕೊಂಡು ಮುಂದೆ ಹೋಗಿ. ಆಮೇಲೆ 'ಡಿವೈಸ್ ಟೈಪ್' ಸರಿ ಕೊಟ್ಟಿದ್ದೀರಾ ಅಂತ ನೋಡಿ. ಸಿಸ್ಕೋದ್ದೇ ಆದರೂ ಐಒಎಸ್ ಅಲ್ಲದ ನೆಕ್ಸಸ್ ಸ್ವಿಚ್‌ಗೆ ಸಿಸ್ಕೋ ಐಒಎಸ್ ಅಂತ ಕೊಟ್ಟಿದ್ದರೆ ಬೇರೆ ಅಚ್ಚು ಹುಡುಕುತ್ತದೆ.

ನೀವೇ ಬರೆದ ಅಚ್ಚಿನಲ್ಲಿ ಕೊನೆಗೊಂದು ಅರೆಬರೆ ಸಾಲು ಜಾಸ್ತಿ ಬರುತ್ತೆ ಅಂತಲೂ ಕೇಳಿದ್ದೀರಿ. ಪಠ್ಯ ಮುಗಿದಾಗ ಟೆಕ್ಸ್ಟ್‌ಎಫ್‌ಎಸ್‌ಎಂ ತಾನಾಗೇ ಒಂದು ರೆಕಾರ್ಡ್ ಮಾಡುತ್ತದೆ. 'ಫಿಲ್‌ಡೌನ್' ಹಾಕಿದ ಕಾಲಮ್‌ನಲ್ಲಿ ಹಿಂದಿನ ಬೆಲೆ ಉಳಿದೇ ಇರುವುದರಿಂದ ಅದು ಖಾಲಿ ಸಾಲು ಅಂತ ಅದಕ್ಕೆ ಅನ್ನಿಸಲ್ಲ. ಮುಖ್ಯವಾದ ಇನ್ನೊಂದು ಕಾಲಮ್‌ಗೆ 'ರಿಕ್ವೈರ್ಡ್' ಸೇರಿಸಿ, ಹೋಗುತ್ತದೆ.

ಪ್ರ: ಇದೆಲ್ಲ ಒದ್ದಾಟ ಯಾಕೆ ಸರ್, ಈಗ ಜೇಸನ್ (ಪ್ರೋಗ್ರಾಂ ನೇರವಾಗಿ ಓದಬಹುದಾದ ರೂಪ) ಬರುತ್ತಲ್ವಾ?

ಉ: ಬರುವ ಕಡೆ ಅದನ್ನೇ ತಗೊಳ್ಳಿ, ನಾನೂ ಅದನ್ನೇ ತಗೊಳ್ಳುತ್ತೇನೆ. ಜುನೋಸ್‌ನಲ್ಲಿ ಪೈಪ್ ಹಾಕಿ 'ಡಿಸ್‌ಪ್ಲೇ ಜೇಸನ್', ನೆಕ್ಸಸ್‌ನಲ್ಲಿ ಪೈಪ್ ಹಾಕಿ ಬರೀ 'ಜೇಸನ್'. ಇಂಥ ಅಚ್ಚುಕಟ್ಟು ಡೇಟಾ ಕೇಳಲೆಂದೇ ಇರುವ ನೆಟ್‌ಕಾನ್ಫ್‌ನ ಈಗಿನ ನಿಯಮ 2011ರದು, ರೆಸ್ಟ್‌ಕಾನ್ಫ್ 2017ರದು. ಆದರೆ ಬ್ರಾಂಚ್ ಆಫೀಸಿನ ರ‍್ಯಾಕ್‌ನಲ್ಲಿ ಕೂತಿರುವ ಎಷ್ಟೋ ಡಬ್ಬಗಳು ಅದಕ್ಕಿಂತ ಹಳೆಯವು, ಇನ್ನೂ ಚೆನ್ನಾಗೇ ಓಡುತ್ತಿವೆ. ಅವಕ್ಕೆ ಶೋ ಕಮಾಂಡೇ ಗತಿ.

ಪತ್ರ ಬರೆಯುವವರಿಗೆ ಒಂದು ಮಾತು. ಸ್ಕ್ರೀನ್‌ಶಾಟ್ ಕಳಿಸಬೇಡಿ, ಅದರಲ್ಲಿ ಬ್ಯಾಕ್‌ಸ್ಪೇಸೂ ಕಾಣಲ್ಲ, ಕ್ಯಾರೇಜ್ ರಿಟರ್ನೂ ಕಾಣಲ್ಲ. ರೆಪ್ರ್ ಮಾಡಿದ ಪಠ್ಯ ಕಳಿಸಿ. ಪುಟಿಯಿಂದ ಲಾಗ್ ತೆಗೆಯುವುದಾದರೆ 'ಪ್ರಿಂಟಬಲ್ ಔಟ್‌ಪುಟ್' ಬೇಡ, 'ಆಲ್ ಸೆಷನ್ ಔಟ್‌ಪುಟ್' ಆರಿಸಿ. ಈ ಸಲ ಒಬ್ಬರು ಪೂರ್ತಿ 'ಶೋ ರನ್' ಕಳಿಸಿಬಿಟ್ಟಿದ್ದಾರೆ, ಪಾಸ್‌ವರ್ಡ್ ಸಾಲುಗಳಲ್ಲಿ 7 ಅಂತ ಇದೆಯಲ್ಲ, ಗುಟ್ಟಾಗಿದೆ ಅಂದುಕೊಂಡು. ಟೈಪ್ 7 ಪಾಸ್‌ವರ್ಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಎಸ್‌ಎನ್‌ಎಂಪಿ ಕಮ್ಯೂನಿಟಿ ಹೆಸರಂತೂ (ನಿಗಾ ಸಾಫ್ಟ್‌ವೇರ್‌ಗೆ ಅದೇ ಪಾಸ್‌ವರ್ಡ್ ಇದ್ದ ಹಾಗೆ) ಬಿಚ್ಚಿಟ್ಟ ಹಾಗೇ ಇತ್ತು. ಆ ಫೈಲನ್ನು ನಾವು ಅಳಿಸಿದ್ದೇವೆ. ಕಳಿಸಿದವರು ಎರಡನ್ನೂ ಇವತ್ತೇ ಬದಲಿಸಿಕೊಳ್ಳಿ.